ಕಿಟಕಿಯಲ್ಲಿ ಕಂಡ ಕಡಲು

ಕಡಲಿಗೆ ಅಂಟಿಕೊಂಡ ರಸ್ತೆಯಲ್ಲಿ ಕಾರು ಓಡಿಸುವಾಗ ಕಾಣುವ ನೋಟ, ಕಾರು ನಿಲ್ಲಿಸಿ ಕ್ಯಾಮೆರಾ ಎತ್ತಿದ ಕೂಡಲೇ ಎಲ್ಲೋ ಹೋಗಿಬಿಡುತ್ತದೆ. ಜಾಗ ಅದೇ, ಬೆಳಕೂ ಅದೇ. ಒಂದು ನಿಮಿಷದ ಹಿಂದೆ ಅಬ್ಬಾ ಅನ್ನಿಸಿದ್ದ ನೀರೂ ಅದೇ. ಆದರೆ ಕ್ಯಾಮೆರಾದ ಪರದೆಯಲ್ಲಿ ಮೇಲೊಂದು ಪಟ್ಟಿ ಆಕಾಶ, ಕೆಳಗೊಂದು ಪಟ್ಟಿ ನೀರು, ನಡುವೆ ಒಂದು ಗೆರೆ. ಅಷ್ಟೇ.

ಒಬ್ಬಳೇ ಕಡಲ ದಾರಿ ಹಿಡಿದು, ಅಲ್ಲಲ್ಲಿ ನಿಂತು ಫೋಟೊ ತೆಗೆಯುತ್ತಾ ಹೋಗುವುದು ನನಗೆ ತುಂಬಾ ಇಷ್ಟದ ಕೆಲಸ. ಪ್ರತಿ ಸಲವೂ ಈ ಪ್ರಶ್ನೆ ನನ್ನ ಜೊತೆಗೇ ಬರುತ್ತಿತ್ತು. ಕಿಟಕಿಯಲ್ಲಿ ಅಷ್ಟು ಚೆನ್ನಾಗಿದ್ದದ್ದು ಫೋಟೊದಲ್ಲಿ ಯಾಕೆ ಸಪ್ಪೆ? ಉತ್ತರ ಹುಡುಕುತ್ತಾ ಹೋದಂತೆ ನಾನು ಹೊರಡುವ ದಿಕ್ಕು, ನಿಲ್ಲುವ ಜಾಗ, ಕಾಯುವ ಹೊತ್ತು ಎಲ್ಲವೂ ಬದಲಾದವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಉತ್ತರದ ಮೊದಲ ತುಂಡು ನಮ್ಮ ಕಣ್ಣಿನಲ್ಲೇ ಇದೆ. ಕಾರು ಓಡುವಾಗ ಹತ್ತಿರದ ಬೇಲಿ, ಕಲ್ಲು, ಮರದ ಕಾಂಡ ಸರ್ರನೆ ಹಿಂದಕ್ಕೆ ಓಡುತ್ತವೆ. ಸ್ವಲ್ಪ ಆಚೆಗಿನ ಬಂಡೆ ನಿಧಾನಕ್ಕೆ ಸರಿಯುತ್ತದೆ. ದೂರದ ದ್ವೀಪ ಅಲುಗಾಡುವುದೇ ಇಲ್ಲ, ನಮ್ಮ ಜೊತೆಗೇ ಬರುತ್ತಿದೆಯೇನೋ ಅನ್ನಿಸುತ್ತದೆ. ಈ ವೇಗದ ವ್ಯತ್ಯಾಸ ನೋಡಿಯೇ ಮೆದುಳು ಯಾವುದು ಎಷ್ಟು ದೂರ ಎಂದು ಲೆಕ್ಕ ಹಾಕುತ್ತದೆ. 19ನೇ ಶತಮಾನದ ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಇದಕ್ಕೆ ಕಾಡಿನ ಉದಾಹರಣೆ ಕೊಟ್ಟಿದ್ದರು. ದಟ್ಟ ಕಾಡಿನಲ್ಲಿ ಸುಮ್ನೆ ನಿಂತರೆ ಎಲೆ, ಕೊಂಬೆ ಎಲ್ಲ ಕಲಸಿಕೊಂಡು ಯಾವ ಕೊಂಬೆ ಯಾವ ಮರದ್ದು ಎಂದು ಗೊತ್ತಾಗುವುದಿಲ್ಲ. ನಡೆಯಲು ಶುರು ಮಾಡಿದ ತಕ್ಷಣ ಎಲ್ಲವೂ ಬಿಡಿಬಿಡಿಯಾಗಿ, ಒಂದು ಹಿಂದೆ ಒಂದು ಮುಂದೆ ನಿಲ್ಲುತ್ತವೆ.

ನಮ್ಮ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು ಆರು ಸೆಂಟಿಮೀಟರ್. ಹತ್ತಿರದ ವಸ್ತುಗಳ ಆಳ ತಿಳಿಯಲು ಅದು ಸಾಕು. ಕಿಲೋಮೀಟರ್‌ಗಟ್ಟಲೆ ಹರಡಿದ ಕಡಲಿಗೆ ಅದು ಎಲ್ಲಿ ಸಾಕಾಗುತ್ತದೆ? ಅಲ್ಲಿ ನಮಗೆ ಆಳ ತೋರಿಸುವುದು ನಮ್ಮ ಓಟ. ಅಂದರೆ ಕಾರಿನಲ್ಲಿ ಕೂತು ನಾವು ಮೆಚ್ಚಿದ ಕಡಲಿನಲ್ಲಿ ಒಂದು ದೊಡ್ಡ ಪಾಲು ನಮ್ಮದೇ ಚಲನೆ. ಬ್ರೇಕ್ ಒತ್ತಿದರೆ ಆ ಪಾಲು ಹೋಯಿತು. ಲೆನ್ಸ್‌ಗಂತೂ ಇರುವುದು ಒಂದೇ ಕಣ್ಣು, ಹಾಗಾಗಿ ಉಳಿದಿದ್ದ ಚೂರೂ ಹೋಯಿತು. ಗಾಳಿ, ಅಲೆಯ ಸದ್ದು, ಉಪ್ಪಿನ ವಾಸನೆ ಯಾವುದೂ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ತನಕ ಬರುವುದಿಲ್ಲ.

ಹಾಗಾದರೆ ಓಟ ಕೊಡುತ್ತಿದ್ದ ಆಳವನ್ನು, ಜೀವವನ್ನು, ನಿಂತ ಚಿತ್ರಕ್ಕೆ ಬೇರೆ ದಾರಿಯಿಂದ ತಂದುಕೊಡಬೇಕು. ಕಡಲ ದಾರಿಯಲ್ಲಿ ನಾನು ಮಾಡುವುದೆಲ್ಲ ಸುತ್ತಿ ಬಳಸಿ ಇದೊಂದೇ ಕೆಲಸ.

ಅದಕ್ಕೆ ಮೊದಲ ಸಹಾಯ ಸಿಗುವುದು ಕಾಲ ಬುಡದಲ್ಲಿ. ರಸ್ತೆಯ ಮೇಲೆ ನಿಂತು ತೆಗೆದ ಕಡಲಿನ ಫೋಟೊಗಳಲ್ಲಿ ಹತ್ತಿರದ್ದು ಅನ್ನುವಂಥದ್ದು ಏನೂ ಇರುವುದಿಲ್ಲ. ತಡೆಗೋಡೆ, ಅದರಾಚೆ ಬರೀ ನೀರು. ಕೆಳಗೆ ಇಳಿದು, ಟ್ರೈಪಾಡನ್ನು ಮೊಣಕಾಲಿನ ಎತ್ತರಕ್ಕೆ ತಗ್ಗಿಸಿ, ಅಗಲಕ್ಕೆ ನೋಡುವ ವೈಡ್ ಲೆನ್ಸ್ ಹಾಕಿಕೊಂಡು ಪಾಚಿ ಹಿಡಿದ ಒಂದು ಬಂಡೆಯ ತೀರಾ ಹತ್ತಿರ ಹೋದರೆ ಕಥೆಯೇ ಬೇರೆ. ಬಂಡೆ ದೊಡ್ಡದಾಗಿ ಕಾಣುತ್ತದೆ. ಅದರಾಚೆಯ ನೊರೆಯ ಗೆರೆ ಸಣ್ಣದು. ಅದಕ್ಕೂ ಆಚೆಯ ತೆರೆ ಇನ್ನೂ ಸಣ್ಣದು. ಮೆಟ್ಟಿಲು ಇಳಿದ ಹಾಗೆ ಕಣ್ಣು ಒಂದೊಂದನ್ನೇ ದಾಟಿಕೊಂಡು ದೂರಕ್ಕೆ ಹೋಗುತ್ತದೆ. ಕಾರಿನ ಓಟ ಮಾಡುತ್ತಿದ್ದ ಕೆಲಸವನ್ನು ಈಗ ಗಾತ್ರದ ವ್ಯತ್ಯಾಸ ಮಾಡುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲಂನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾಕ್ಕೆ ತುಂಬಾ ಅಗಲಕ್ಕೆ ನೋಡುವ 16 ಎಂಎಂ ಲೆನ್ಸ್ ಹಾಕಿ, ಬೆಳಕು ಬರುವ ಕಿಂಡಿಯನ್ನು ಎಫ್/11ಕ್ಕೆ ಇಟ್ಟು ಸುಮಾರು 80 ಸೆಂಟಿಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, 40 ಸೆಂಟಿಮೀಟರ್‌ನಿಂದ ಹಿಡಿದು ಬಾನಂಚಿನವರೆಗೆ ಎಲ್ಲವೂ ತಕ್ಕಮಟ್ಟಿಗೆ ಸ್ಪಷ್ಟವಾಗಿರುತ್ತದೆ. ನಾನು ಅದಕ್ಕಿಂತ ಸ್ವಲ್ಪ ಜಾಸ್ತಿ, ಒಂದು ಮೀಟರ್ ಅಥವಾ ಅದಕ್ಕೂ ಆಚೆ ಇಡುತ್ತೇನೆ. ಕಾಲ ಬುಡದ ಮರಳು ಚೂರು ಮಸುಕಾದರೆ ಪರವಾಗಿಲ್ಲ, ಬಾನಂಚು ಮಸುಕಾದರೆ ಆ ಫೋಟೊವನ್ನು ನನಗಂತೂ ನೋಡಲಾಗುವುದಿಲ್ಲ. ಎಲ್ಲವೂ ಸ್ಪಷ್ಟವಾಗಲಿ ಎಂದು ಎಫ್/22ರವರೆಗೆ ಹೋಗುವುದೂ ಬೇಡ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು, ಅಷ್ಟು ಸಣ್ಣ ಕಿಂಡಿಯಲ್ಲಿ ನುಗ್ಗುವಾಗ ಬೆಳಕು ಅಕ್ಕಪಕ್ಕಕ್ಕೆ ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ರಸ್ತೆ ಗುಡ್ಡ ಹತ್ತಿದಾಗ ಈ ಉಪಾಯ ನಡೆಯುವುದಿಲ್ಲ. ನೀರಿನ ಅಂಚಿನಲ್ಲಿ ನಿಂತವರ ಕಣ್ಣು 1.7 ಮೀಟರ್ ಎತ್ತರದಲ್ಲಿದ್ದರೆ ಬಾನಂಚು ಐದು ಕಿಲೋಮೀಟರ್‌ಗಿಂತ ಕಡಿಮೆ ದೂರದಲ್ಲಿರುತ್ತದೆ. 100 ಮೀಟರ್ ಎತ್ತರದ ಗುಡ್ಡದಿಂದ ನೋಡಿದರೆ ಅದು ಸುಮಾರು 36 ಕಿಲೋಮೀಟರ್ ಆಚೆ ಹೋಗಿರುತ್ತದೆ. ಮೇಲೆ ನಿಂತಾಗ ಕಡಲು ಇದ್ದಕ್ಕಿದ್ದಂತೆ ಅಗಲವಾಯಿತು ಅನ್ನಿಸುವುದು ಬರೀ ಭಾವನೆಯಲ್ಲ. ಅಲ್ಲಿ ನಾನು ವೈಡ್ ಲೆನ್ಸ್ ತೆಗೆದು, ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸ್ ಹಾಕುತ್ತೇನೆ. ಒಂದರ ಹಿಂದೊಂದು ಚಾಚಿಕೊಂಡ ಭೂಶಿರಗಳನ್ನು ನೋಡಿ. ಹತ್ತಿರದ್ದು ಕಪ್ಪು, ಅದರ ಹಿಂದಿನದು ಬೂದು, ಅದರ ಹಿಂದಿನದು ತೆಳು ನೀಲಿ, ಕೊನೆಯದು ಆಕಾಶದಲ್ಲೇ ಕರಗಿದಂತೆ. ಗಾಳಿಯಲ್ಲಿರುವ ತೇವ ಮತ್ತು ಉಪ್ಪಿನ ಕಣಗಳು ದೂರವನ್ನು ನಮಗಾಗಿ ಬಣ್ಣದಲ್ಲಿ ಬರೆದಿಡುತ್ತವೆ. ಮಂಜು ಮಂಜಾಗಿದೆ ಎಂದು ಬಹಳ ಜನ ಕ್ಯಾಮೆರಾ ಒಳಗಿಡುವ ದಿನಗಳಲ್ಲೇ ನನಗೆ ಈ ಪದರಗಳು ಚೆನ್ನಾಗಿ ಸಿಕ್ಕಿವೆ.

ಇನ್ನು ರಸ್ತೆಯ ಮಾತು. ಕಡಲ ದಾರಿಯಲ್ಲಿ ಬೇಕಾದ ಕಡೆ ನಿಲ್ಲಲು ಆಗುವುದಿಲ್ಲ. ನೋಟ ಬಿಚ್ಚಿಕೊಳ್ಳುವುದು ಹೆಚ್ಚಾಗಿ ತಿರುವಿನಲ್ಲಿ, ತಿರುವಿನಲ್ಲೇ ನಿಲ್ಲಬಾರದು. ಹಾಗಾಗಿ ಯಾವ ತುದಿಯಿಂದ ಹೊರಡಬೇಕು ಎಂಬುದು ದೊಡ್ಡ ನಿರ್ಧಾರ. ಎಡಗಡೆ ಓಡಿಸುವ ದೇಶದಲ್ಲಿ ಕಡಲು ಎಡಕ್ಕಿರಬೇಕು, ಬಲಗಡೆ ಓಡಿಸುವ ದೇಶದಲ್ಲಿ ಬಲಕ್ಕೆ. ಆಗ ನೀರಿನ ಪಕ್ಕದ ಲೇನ್ ನಮ್ಮದಾಗುತ್ತದೆ. ಎದುರಿಂದ ಬರುವ ವಾಹನಗಳಿಗೆ ಅಡ್ಡ ಹೋಗದೆ ಪಕ್ಕಕ್ಕೆ ಹಾಕಬಹುದು. ಕ್ಯಾಲಿಫೋರ್ನಿಯಾದ ಹೈವೇ 1ರಲ್ಲಿ ಉತ್ತರದಿಂದ ದಕ್ಷಿಣಕ್ಕೆ, ಆಸ್ಟ್ರೇಲಿಯಾದ ಗ್ರೇಟ್ ಓಶನ್ ರೋಡಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋದರೆ ಒಳ್ಳೆಯದು ಅನ್ನುವುದು ಇದಕ್ಕೇ. ಹೀಗೆ ಹೋದಾಗ ಕಡಲು ಓಡಿಸುವವರ ಆಚೆ ಕಿಟಕಿಯಲ್ಲಿ ಬೀಳುತ್ತದೆ. ಅದೂ ಒಳ್ಳೆಯದೇ. ರಸ್ತೆ ನೋಡಬೇಕಾದ ಕಣ್ಣು ರಸ್ತೆಯ ಮೇಲೇ ಇರುತ್ತದೆ.

ಅಮೆರಿಕದ ಎಡ್ವರ್ಡ್ ವೆಸ್ಟನ್ ಅವರ ಓಡಾಟದ ಬಗ್ಗೆ ಓದಿದಾಗ ನನಗೆ ಸ್ವಲ್ಪ ಅಸೂಯೆಯಾಗಿತ್ತು. 1937ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ (ಕಲಾವಿದರಿಗೆ, ವಿದ್ವಾಂಸರಿಗೆ ಕೊಡುವ ಧನಸಹಾಯ) ಸಿಕ್ಕ ಮೊದಲ ಛಾಯಾಗ್ರಾಹಕ ಅವರು. ಆ ಹಣದಲ್ಲಿ ಕ್ಯಾಲಿಫೋರ್ನಿಯಾ ಸುತ್ತಿದರು. ಆದರೆ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಓಡಿಸಿದ್ದು ಅವರ ಸಂಗಾತಿ ಕ್ಯಾರಿಸ್ ವಿಲ್ಸನ್. ಅಂದರೆ ವೆಸ್ಟನ್ ಅವರ ಕಣ್ಣು ಇಡೀ ದಾರಿ ಹೊರಗಿನ ನೆಲ, ಬಂಡೆ, ಬೆಳಕನ್ನೇ ನೋಡುತ್ತಾ ಹೋಗಬಹುದಿತ್ತು. ಒಬ್ಬರೇ ಹೋಗುವವರಿಗೆ ಆ ಭಾಗ್ಯ ಇಲ್ಲ. ಸ್ಟೀರಿಂಗ್ ಹಿಡಿದ ಕಣ್ಣಿಗೆ ದೃಶ್ಯ ಹುಡುಕುವ ಕೆಲಸ ಕೊಡಬಾರದು.

ಅದಕ್ಕೆ ನಾನು ದಾರಿಯನ್ನು ಎರಡು ಪಾಲು ಮಾಡಿಕೊಂಡಿದ್ದೇನೆ. ಸೂರ್ಯ ನೆತ್ತಿಯ ಮೇಲಿರುವಾಗ ಬರೀ ಓಡಿಸುತ್ತೇನೆ. ಆ ಹೊತ್ತಿನ ಬೆಳಕು ಹೇಗೂ ಚಪ್ಪಟೆ. ನಿಲ್ಲಬಹುದಾದ ಜಾಗ ಸಿಕ್ಕಿದ ಕಡೆಯೆಲ್ಲ ನಿಂತು, ಇಳಿದು, ಕ್ಯಾಮೆರಾ ಇಲ್ಲದೆ ನಡೆದು ನೋಡುತ್ತೇನೆ. ದಡಕ್ಕೆ ಇಳಿಯಲು ದಾರಿ ಎಲ್ಲಿದೆ, ಬಂಡೆಗಳು ಯಾವ ಕಡೆಗೆ ಬಾಗಿವೆ, ಸಂಜೆಯ ಸೂರ್ಯ ಯಾವ ಭೂಶಿರದ ಹಿಂದೆ ಇಳಿಯುತ್ತಾನೆ ಎಂದು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಸಂಜೆಗೆ ಅವುಗಳಲ್ಲಿ ಒಂದೇ ಒಂದನ್ನು ಆರಿಸಿ ಅಲ್ಲಿಗೆ ವಾಪಸ್ ಹೋಗುತ್ತೇನೆ. ಉಳಿದವುಗಳನ್ನು ಬಿಡುತ್ತೇನೆ. ಈ ಬಿಡುವುದು ಕಷ್ಟ. ಒಳ್ಳೆಯ ಬೆಳಕಿನ ಒಂದು ಗಂಟೆಯಲ್ಲಿ ನಾಲ್ಕು ಕಡೆ ಓಡಬಹುದು ಅನ್ನಿಸುತ್ತದೆ, ಅಲ್ವಾ? ಓಡಿದರೆ ನಾಲ್ಕೂ ಕಡೆ ರಸ್ತೆಯಂಚಿನಿಂದ ಕಂಡ ಕಡಲೇ ಸಿಗುತ್ತದೆ.

ಒಬ್ಬಳೇ ಹೋಗುವುದರ ಬೆಲೆ ನನಗೆ ಗೊತ್ತಾಗುವುದು ಇಲ್ಲೇ. ಜೊತೆಗೆ ಯಾರಾದರೂ ಇದ್ದರೆ, ಅವರು ಎಷ್ಟೇ ಒಳ್ಳೆಯವರಾಗಿರಲಿ, ನನ್ನ ಗಮನದ ಒಂದು ಭಾಗ ಅವರ ಹಸಿವು, ಅವರ ಬೇಸರ, ಅವರ ಮುಖದ ಕಡೆಗೇ ಇರುತ್ತದೆ. ಅವರು ‘ಆಯ್ತಾ?’ ಎಂದು ಕೇಳದಿದ್ದರೂ ನನಗೆ ಕೇಳಿಸುತ್ತದೆ. ಒಂದೇ ಬಂಡೆಯ ಮುಂದೆ ಒಂದೂವರೆ ಗಂಟೆ ನಿಲ್ಲುವುದನ್ನು ಯಾರಿಗಾದರೂ ವಿವರಿಸುವುದು ಕಷ್ಟ. ಒಬ್ಬಳೇ ಇದ್ದಾಗ ವಿವರಿಸಬೇಕಾಗಿಲ್ಲ. ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಅಲೆಗಳಿಗೆ ಒಂದು ಕ್ರಮ ಇರುವುದು ತಿಳಿಯುತ್ತದೆ. ಯಾವ ಸಂದಿನಲ್ಲಿ ನೀರು ಒಳಗೆ ನುಗ್ಗುತ್ತದೆ, ವಾಪಸ್ ಹೋಗುವಾಗ ನೊರೆ ಯಾವ ಬಂಡೆಯನ್ನು ಸುತ್ತಿಕೊಂಡು ಹೋಗುತ್ತದೆ ಎಂಬುದೆಲ್ಲ ಒಂದೊಂದಾಗಿ ಕಾಣುತ್ತದೆ. ಅದು ಕಂಡ ಮೇಲೆ ಟ್ರೈಪಾಡ್ ಎಲ್ಲಿ ಇಡಬೇಕು ಎಂಬ ಪ್ರಶ್ನೆಯೇ ಬರುವುದಿಲ್ಲ.

ಕಡಲ ತೀರದಲ್ಲಿ ಎರಡು ಗಡಿಯಾರ ನಡೆಯುತ್ತಿರುತ್ತವೆ. ಒಂದು ಸೂರ್ಯನದು, ಇನ್ನೊಂದು ಚಂದ್ರನದು. ಸೂರ್ಯನದು ಎಲ್ಲರಿಗೂ ಗೊತ್ತು. ಚಂದ್ರನದನ್ನು ನಾನು ಈ ದಾರಿಯಲ್ಲೇ ಕಲಿತದ್ದು. ಬಹುತೇಕ ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನನ್ನು ಮತ್ತೆ ಹಿಡಿಯಲು ಭೂಮಿಗೆ ಇನ್ನೂ ಸುಮಾರು 50 ನಿಮಿಷ ಬೇಕು. ಹಾಗಾಗಿ ಉಬ್ಬರ ಇಳಿತಗಳ ಹೊತ್ತು ಪ್ರತಿದಿನ ಅಷ್ಟು ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರ ಜಾಸ್ತಿ ಏರುತ್ತದೆ, ಇಳಿತ ಜಾಸ್ತಿ ಇಳಿಯುತ್ತದೆ. ಎಷ್ಟು ಎಂಬುದು ಊರೂರಿಗೆ ಬೇರೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ವ್ಯತ್ಯಾಸ 16 ಮೀಟರ್ ತನಕ ಹೋಗುತ್ತದೆ. ಮೆಡಿಟರೇನಿಯನ್ ಕಡಲಿನ ಬಹುತೇಕ ದಡಗಳಲ್ಲಿ ಅದು ಗಮನಕ್ಕೇ ಬರದಷ್ಟು ಕಡಿಮೆ.

ಇದೆಲ್ಲ ಫೋಟೊಗೆ ಯಾಕೆ ಬೇಕು? ಒಂದೇ ದಡ ಉಬ್ಬರದಲ್ಲಿ ಒಂದು, ಇಳಿತದಲ್ಲಿ ಇನ್ನೊಂದು. ಉಬ್ಬರದಲ್ಲಿ ಬಂಡೆಗಳು ಮುಳುಗಿ ಬರೀ ನೀರು ಕಾಣುವ ಕಡೆ, ಇಳಿತದಲ್ಲಿ ಗುಂಡಿಗಳು, ಪಾಚಿ, ಏಡಿ ಓಡಾಡಿದ ಗೆರೆಗಳು, ಅಲೆ ಬಿಟ್ಟುಹೋದ ಮರಳಿನ ಮಡಿಕೆಗಳು ಎಲ್ಲ ಹೊರಗೆ ಬರುತ್ತವೆ. ನಾನು ಹುಡುಕುವ ಹತ್ತಿರದ ವಸ್ತುಗಳೆಲ್ಲ ಇಳಿತದಲ್ಲೇ ಇರುವುದು. ನೀರು ಇಳಿದ ಮೇಲೆ ಸ್ವಲ್ಪ ಹೊತ್ತು ಒದ್ದೆ ಮರಳು ಕನ್ನಡಿ ಹಿಡಿಯುತ್ತದೆ. ಆಕಾಶದ ಬಣ್ಣ ಕಾಲ ಬುಡಕ್ಕೇ ಬರುತ್ತದೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ದೋಣಿಯವರು ಇಟ್ಟುಕೊಳ್ಳುವ ಒಂದು ಒರಟು ಲೆಕ್ಕ ಇದೆ. ಆರು ಗಂಟೆಯ ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಮತ್ತೆ ಎರಡು, ಕೊನೆಗೆ ಒಂದು. ಅಂದರೆ ನಡುವಿನ ಎರಡು ಗಂಟೆಗಳಲ್ಲೇ ಅರ್ಧ ಏರಿಕೆ ಮುಗಿಯುತ್ತದೆ. ಮೊದಲ ಗಂಟೆಯ ನಿಧಾನ ನೋಡಿ ಬಂಡೆಯ ತುದಿಯಲ್ಲಿ ಕೂತವರಿಗೆ ಆಮೇಲೆ ವಾಪಸ್ ಬರುವ ದಾರಿ ನೀರಿನಡಿ ಹೋಗಿರಬಹುದು.

ಅಪಾಯದ ಮಾತು ಬಂದಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಒಬ್ಬರೇ ಇದ್ದಾಗ ಕಡಲಿಗೆ ಬೆನ್ನು ಹಾಕಬಾರದು. ಹವಾಮಾನದವರು ಹೇಳುವ ಅಲೆಯ ಎತ್ತರ, ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಪಾಲಿನ ಸರಾಸರಿ ಮಾತ್ರ. ಎರಡು ಮೀಟರ್ ಎಂದರೆ ಎಲ್ಲ ಅಲೆಗಳೂ ಎರಡು ಮೀಟರಿನೊಳಗೆ ಎಂದಲ್ಲ. ಅಪರೂಪಕ್ಕೊಮ್ಮೆ ಅದರ ಎರಡು ಪಟ್ಟಿನ ಹತ್ತಿರ ಹೋಗುವ ಅಲೆಯೂ ಬರುತ್ತದೆ. ಕೆಳಗೆ ಇಳಿಯುವ ಮುಂಚೆ ಮೇಲಿನಿಂದಲೇ ಕಾಲು ಗಂಟೆಯಾದರೂ ನೋಡಬೇಕು. ಬಂಡೆ ಒದ್ದೆಯಾಗಿ ಕಪ್ಪಗಿದ್ದರೆ ನೀರು ಅಲ್ಲಿಯವರೆಗೆ ಬಂದು ಹೋಗಿದೆ ಎಂದೇ ಅರ್ಥ. ಎಲ್ಲಿ ಇಳಿಯುತ್ತಿದ್ದೇನೆ, ಎಷ್ಟು ಹೊತ್ತಿಗೆ ಮೇಲೆ ಬರುತ್ತೇನೆ ಎಂದು ನಾನು ಒಬ್ಬರಿಗೆ ಮೆಸೇಜ್ ಹಾಕಿಯೇ ಕಾರಿನ ಬಾಗಿಲು ಹಾಕುವುದು. ಯಾವ ಫೋಟೊವೂ ಇದಕ್ಕಿಂತ ಮುಖ್ಯ ಅಲ್ಲ.

ಈಗ ಸೂರ್ಯನ ಗಡಿಯಾರ. ಸೂರ್ಯ ಬಾನಂಚನ್ನು ಮುಟ್ಟಿದ ಹಾಗೆ ಕಾಣುವಾಗ, ನಿಜವಾಗಿ ನೋಡಿದರೆ ಅವನು ಆಗಲೇ ಕೆಳಗೆ ಇಳಿದಾಗಿರುತ್ತದೆ. ಗಾಳಿಯ ಪದರಗಳು ಬೆಳಕನ್ನು ಅರ್ಧ ಡಿಗ್ರಿಯಷ್ಟು ಬಗ್ಗಿಸಿ ಮೇಲಕ್ಕೆ ಎತ್ತಿ ತೋರಿಸುತ್ತವೆ. ಸೂರ್ಯನ ಬಿಂಬದ ಅಗಲವೂ ಸುಮಾರು ಅರ್ಧ ಡಿಗ್ರಿಯೇ. ಭೂಮಧ್ಯರೇಖೆಯ ಹತ್ತಿರ ಅವನು ನೆಟ್ಟಗೆ ಇಳಿಯುವುದರಿಂದ ಮುಟ್ಟಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಧ್ರುವಗಳ ಕಡೆಗೆ ಹೋದಂತೆ ಓರೆಯಾಗಿ ಇಳಿಯುತ್ತಾ ತುಂಬಾ ಹೊತ್ತು ತೆಗೆದುಕೊಳ್ಳುತ್ತಾನೆ. ಆ ಎರಡು ನಿಮಿಷಕ್ಕಾಗಿಯೇ ದಡದಲ್ಲಿ ಜನ ಸೇರುತ್ತಾರೆ. ಮುಳುಗಿದ ಕೂಡಲೇ ಎದ್ದು ಹೋಗುತ್ತಾರೆ.

ನನ್ನ ಕೆಲಸ ಶುರುವಾಗುವುದು ಆಮೇಲೆ. ಎತ್ತರದಲ್ಲಿ ತೆಳು ಮೋಡಗಳಿದ್ದರೆ, ನಮಗೆ ಸೂರ್ಯ ಮುಳುಗಿದ ಹತ್ತು ಹದಿನೈದು ನಿಮಿಷದ ಮೇಲೂ ಅವುಗಳಿಗೆ ಕೆಳಗಿನಿಂದ ಬೆಳಕು ಬೀಳುತ್ತಿರುತ್ತದೆ. ಗಾಢ ಕೆಂಪು ಬರುವುದು ಆಗಲೇ. ಇನ್ನೊಂದು ಮಾತು, ಆ ಹೊತ್ತಿನಲ್ಲಿ ಒಮ್ಮೆ ಹಿಂದೆ ತಿರುಗಿ. ಸೂರ್ಯನಿಗೆ ಎದುರು ದಿಕ್ಕಿನಲ್ಲಿ, ನೆಲದಂಚಿನ ಮೇಲೆ ಬೂದು ನೀಲಿಯ ಒಂದು ಪಟ್ಟಿ, ಅದರ ಮೇಲೆ ಗುಲಾಬಿ ಬಣ್ಣದ ಇನ್ನೊಂದು ಪಟ್ಟಿ ಏಳುತ್ತಿರುತ್ತದೆ. ಆ ಬೂದು ಪಟ್ಟಿ ಭೂಮಿಯ ನೆರಳು. ನಾವು ನಿಂತ ಈ ಗೋಳದ ನೆರಳು ಗಾಳಿಯ ಮೇಲೆ ಬಿದ್ದು ಮೆಲ್ಲಗೆ ಮೇಲೇರುವುದನ್ನು ಬರಿಗಣ್ಣಿನಲ್ಲಿ ನೋಡಬಹುದು ಎಂದು ಮೊದಲು ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು. ಕಡಲ ಕಡೆಗೇ ಮುಖ ಮಾಡಿ ನಿಂತ ಕ್ಯಾಮೆರಾಗಳಿಗೆ ಇದು ಸಿಗುವುದಿಲ್ಲ.

ಆಳದ ವಿಷಯ ಹೇಳಿದೆ. ಚಲನೆಯ ವಿಷಯ ಬಾಕಿ ಇದೆ. ಕಾರು ನಿಂತರೂ ನೀರು ನಿಲ್ಲುವುದಿಲ್ಲವಲ್ಲ, ಅದನ್ನು ನಿಂತ ಚಿತ್ರದಲ್ಲಿ ಹೇಗೆ ತೋರಿಸುವುದು? ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ಅಂದರೆ ಶಟರ್, ಎಷ್ಟು ಹೊತ್ತು ತೆರೆದಿರಬೇಕು ಎಂಬುದರಲ್ಲಿ ಮೂರು ದಾರಿಗಳಿವೆ. 1/1000 ಸೆಕೆಂಡಿನಲ್ಲಿ ಪ್ರತಿ ಹನಿಯೂ ಗಾಳಿಯಲ್ಲಿ ನಿಲ್ಲುತ್ತದೆ. ಅಲೆಯ ಬಲ ಕಾಣುತ್ತದೆ, ಹರಿವು ಕಾಣುವುದಿಲ್ಲ. ಲೆನ್ಸಿನ ಮುಂದೆ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕನ್ನು ಹತ್ತು ಸಲ ಅರ್ಧರ್ಧ ಮಾಡುವ ಕಪ್ಪು ಗಾಜು) ಹಾಕಿದರೆ ಬೆಳಕು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1/15 ಸೆಕೆಂಡಿನ ಜಾಗದಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಶಟರ್ ತೆರೆದಿಡಬೇಕು. ಅಲೆಗಳೆಲ್ಲ ಒಂದರ ಮೇಲೊಂದು ಬಿದ್ದು ನೀರು ಹೊಗೆಯ ಹಾಗೆ ಆಗುತ್ತದೆ. ಈ ಹೊಗೆಯ ಚಿತ್ರಗಳು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಎಲ್ಲ ದಡಗಳೂ ಅದರಲ್ಲಿ ಒಂದೇ ಥರ ಕಾಣುತ್ತವೆ. ನನಗೆ ಇಷ್ಟವಾದದ್ದು ನಡುವಿನ ದಾರಿ, ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ. ಅಲೆ ಬಂದು ಬಡಿದು ವಾಪಸ್ ಹೋಗಲು ಶುರು ಮಾಡಿದ ಕ್ಷಣಕ್ಕೆ ಗುಂಡಿ ಒತ್ತಿದರೆ ನೊರೆ ಎಳೆಎಳೆಯಾಗಿ ಹರಿದ ಗುರುತು ಬಿಡುತ್ತದೆ. ಯಾವ ಕಡೆಗೆ ಹೋಯಿತು, ಎಷ್ಟು ಜೋರಾಗಿ ಹೋಯಿತು, ಎಲ್ಲಿ ಸುಳಿಯಿತು ಎಲ್ಲವೂ ಆ ಎಳೆಗಳಲ್ಲಿ ಇರುತ್ತದೆ. ಕಿಟಕಿಯಲ್ಲಿ ಕಂಡಿದ್ದ ಓಟದ ಒಂದು ತುಣುಕು ಅಲ್ಲಿ ಮತ್ತೆ ಸಿಗುತ್ತದೆ.

ಈ ಹುಡುಕಾಟ ಹಳೆಯದು. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಕಡಲಿನ ಫೋಟೊ ತೆಗೆಯುತ್ತಿದ್ದರು. ಅಂದಿನ ಗಾಜಿನ ನೆಗೆಟಿವ್‌ಗಳಿಗೆ ನೀಲಿ ಬೆಳಕು ಬೇಗ ತಾಗುತ್ತಿತ್ತು. ನೀರು ಸರಿಯಾಗಿ ಬರುವಷ್ಟು ಹೊತ್ತು ತೆರೆದರೆ ಆಕಾಶ ಪೂರ್ತಿ ಬಿಳಿಯಾಗುತ್ತಿತ್ತು, ಮೋಡಗಳೇ ಉಳಿಯುತ್ತಿರಲಿಲ್ಲ. ಅವರು ಆಕಾಶಕ್ಕೆ ಒಂದು, ನೀರಿಗೆ ಒಂದು ನೆಗೆಟಿವ್ ತೆಗೆದು ಎರಡನ್ನೂ ಬಾನಂಚಿನ ಗೆರೆಯಲ್ಲಿ ಜೋಡಿಸಿ ಮುದ್ರಿಸಿದರು. 1857ರಲ್ಲಿ ದಕ್ಷಿಣ ಫ್ರಾನ್ಸಿನ ಸೆಟ್ ಎಂಬಲ್ಲಿ ತೆಗೆದ ಅವರ ‘ದೊಡ್ಡ ಅಲೆ’ ಹಾಗೆ ಜೋಡಿಸಿದ್ದು. ಎಡಿಟಿಂಗ್ ಮಾಡಿದರೆ ಫೋಟೊ ಸುಳ್ಳು ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಈ ಅಲೆಯೇ. ಲೆ ಗ್ರೇ ಅವರ ಕಣ್ಣು ಮೋಡವನ್ನೂ ನೀರನ್ನೂ ಒಟ್ಟಿಗೇ ನೋಡಿತ್ತು. ಕ್ಯಾಮೆರಾಕ್ಕೆ ಆಗದಿದ್ದದ್ದನ್ನು ಅವರು ಕೈಯಿಂದ ಮಾಡಿದರು. ಇವತ್ತು ನಾವು ಆಕಾಶಕ್ಕೆ ಒಂದು ಎಕ್ಸ್‌ಪೋಶರ್, ನೆಲಕ್ಕೆ ಒಂದು ಎಕ್ಸ್‌ಪೋಶರ್ ತೆಗೆದು ಕಂಪ್ಯೂಟರಿನಲ್ಲಿ ಸೇರಿಸುವುದು ಅದೇ ಕೆಲಸ.

ಜಪಾನಿನ ಹಿರೋಶಿ ಸುಗಿಮೊಟೊ ತೀರಾ ಎದುರು ದಾರಿ ಹಿಡಿದವರು. 1980ರಲ್ಲಿ ಶುರು ಮಾಡಿದ ಅವರ ಕಡಲ ಚಿತ್ರಗಳಲ್ಲಿ ಬಂಡೆ ಇಲ್ಲ, ದಡ ಇಲ್ಲ, ದೋಣಿ ಇಲ್ಲ. ಕಪ್ಪು ಬಿಳುಪಿನಲ್ಲಿ ಅರ್ಧ ಆಕಾಶ, ಅರ್ಧ ನೀರು, ಸರಿಯಾಗಿ ನಡುವೆ ಗೆರೆ. ನಾನು ಸಪ್ಪೆ ಎಂದ ಚಿತ್ರವೇ ಅದು! ಆದರೆ ಅವರ ಚಿತ್ರದ ಮುಂದೆ ಯಾರಿಗೂ ಸಪ್ಪೆ ಅನ್ನಿಸುವುದಿಲ್ಲ. ಅವರು ಆಳ ತೋರಿಸಲು ಹೋಗಲೇ ಇಲ್ಲ. ದೇಶ ದೇಶಗಳ ಕಡಲುಗಳನ್ನು ಒಂದೇ ಅಳತೆಯಲ್ಲಿ ತೆಗೆದು ಪಕ್ಕಪಕ್ಕ ಇಟ್ಟರು. ಆಗ ನೀರಿನ ಸಣ್ಣ ಸುಕ್ಕು, ಮಂಜಿನ ಸಣ್ಣ ವ್ಯತ್ಯಾಸವೇ ನೋಡಬೇಕಾದ ವಿಷಯವಾಗುತ್ತದೆ. ನನಗೆ ಅದು ಬೇರೆಯೇ ಪ್ರಯಾಣ ಅನ್ನಿಸುತ್ತದೆ. ರಸ್ತೆಯ ಮೇಲೆ ಇರುವವಳಿಗೆ ದಡ ಬಿಡಲು ಮನಸ್ಸು ಬರುವುದಿಲ್ಲ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ವಿಷಯ ಮಾತ್ರ. ಎಸಿ ಹಾಕಿದ ಕಾರಿನಿಂದ ತಣ್ಣಗಿನ ಲೆನ್ಸನ್ನು ಕಡಲ ದಡದ ತೇವದ ಗಾಳಿಗೆ ತೆಗೆದರೆ ಅದರ ಮೇಲೆ ಹಬೆ ಕೂರುತ್ತದೆ. ಬೆಳಕು ಹೋಗುವ ಹೊತ್ತಿನಲ್ಲಿ ಅದು ಆರುವವರೆಗೆ ಕಾಯುವುದು ಬೇಡ. ನಿಲ್ಲುವ ಜಾಗಕ್ಕೆ ಅರ್ಧ ಗಂಟೆ ಇರುವಾಗಲೇ ಎಸಿ ಆರಿಸಿ ಕಿಟಕಿ ಇಳಿಸಿ. ಇನ್ನೊಂದು, ಲೆನ್ಸಿನ ಮೇಲೆ ಕೂತ ಉಪ್ಪಿನ ಹನಿಯನ್ನು ಒಣ ಬಟ್ಟೆಯಿಂದ ಉಜ್ಜಬೇಡಿ. ಒಣಗಿದ ಉಪ್ಪಿನ ಹರಳು ಗಾಜನ್ನು ಗೀಚುತ್ತದೆ. ಮೊದಲು ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ಟ್ರೈಪಾಡಿನ ಕಾಲುಗಳನ್ನೂ ರಾತ್ರಿಯೇ ಸಿಹಿನೀರಿನಲ್ಲಿ ತೊಳೆಯಬೇಕು.

ಕಡಲ ದಡ ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ. ಈ ಮಾತು ನನ್ನನ್ನು ಬಹಳ ಸಲ ರಸ್ತೆಗೆ ಎಳೆದಿದೆ. ಗ್ರೇಟ್ ಓಶನ್ ರೋಡಿನ ಹತ್ತಿರ ಕಡಲಿನಲ್ಲಿ ನಿಂತ ಸುಣ್ಣಕಲ್ಲಿನ ಕಂಬಗಳಿಗೆ ಟ್ವೆಲ್ವ್ ಅಪೋಸಲ್ಸ್ ಎಂದು ಹೆಸರು. ಅವುಗಳಲ್ಲಿ ಒಂದು 2005ರ ಜುಲೈಯಲ್ಲಿ ಕುಸಿದು ನೀರಿಗೆ ಬಿತ್ತು. ಅಲ್ಲೇ ಹತ್ತಿರ ಲಂಡನ್ ಬ್ರಿಡ್ಜ್ ಎಂದು ಕರೆಯುತ್ತಿದ್ದ ಕಲ್ಲಿನ ಸೇತುವೆಯ ಒಂದು ಕಮಾನು 1990ರ ಜನವರಿಯಲ್ಲಿ ಬಿದ್ದಾಗ ಅದರ ಹೊರತುದಿಯಲ್ಲಿ ಇಬ್ಬರು ಪ್ರವಾಸಿಗರು ಸಿಕ್ಕಿಕೊಂಡಿದ್ದರು. ಅವರನ್ನು ಹೆಲಿಕಾಪ್ಟರಿನಲ್ಲಿ ಕರೆತರಬೇಕಾಯಿತು. ಮಾಲ್ಟಾದ ಗೋಜೊ ದ್ವೀಪದ ಅಜೂರ್ ವಿಂಡೋ ಎಂಬ ಕಲ್ಲಿನ ಬಾಗಿಲು 2017ರ ಮಾರ್ಚ್ 8ರಂದು ಬಿರುಗಾಳಿಗೆ ಉರುಳಿತು. ರಸ್ತೆಯೂ ಉಳಿಯುತ್ತದೆ ಎಂದೇನಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಸರ್ ಬಳಿ ಗುಡ್ಡ ಜಾರಿ ಹೈವೇ 1ರ ಒಂದು ತುಂಡನ್ನೇ ಮುಚ್ಚಿಹಾಕಿತು. ಮತ್ತೆ ರಸ್ತೆ ತೆರೆದದ್ದು 2018ರ ಜುಲೈಯಲ್ಲಿ. ಯಾರೋ ಸುಮ್ನೆ ನಿಂತು ತೆಗೆದ ಒಂದು ಫೋಟೊ, ಆಮೇಲೆ ಆ ಕಂಬ ಎಲ್ಲಿತ್ತು, ಎಷ್ಟು ದಪ್ಪ ಇತ್ತು ಎಂದು ಹೇಳುವ ದಾಖಲೆಯಾಗುತ್ತದೆ. ಹಾಗಾಗಿ ನಾನು ಚೆಂದದ ಫ್ರೇಮ್ ಸಿಕ್ಕ ಮೇಲೂ ಆ ಜಾಗದ ಎಡ, ಬಲ, ಮೇಲೆ, ಕೆಳಗೆ ಎಲ್ಲವನ್ನೂ ಒಂದೊಂದು ಸಾದಾ ಫೋಟೊ ತೆಗೆದು, ದಿನಾಂಕ ಮತ್ತು ನೀರಿನ ಮಟ್ಟ ಬರೆದಿಡುತ್ತೇನೆ.

ಹೀಗೆ ಬರೆದಿಡುತ್ತಾ ಹೋದಂತೆ ಹೊಸ ರಸ್ತೆಗಳಿಗಿಂತ ಹಳೆಯ ರಸ್ತೆಗಳ ಆಸೆ ಜಾಸ್ತಿಯಾಗಿದೆ. ವೆಸ್ಟನ್ ಅವರೂ ಅಷ್ಟೇ. ಎಷ್ಟು ಸುತ್ತಿದರೂ ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಬೊಸ್ ಎಂಬ ಒಂದೇ ತೀರಕ್ಕೆ 1929ರಿಂದ ಮತ್ತೆ ಮತ್ತೆ ಹೋದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ 1948ರಲ್ಲಿ ಅವರು ತೆಗೆದ ಕೊನೆಯ ಚಿತ್ರವೂ ಅಲ್ಲಿಯದೇ.

ನನ್ನ ಪಟ್ಟಿಯಲ್ಲಿ ಈಗ ಒಂದು ಪುಟ್ಟ ಕೊಲ್ಲಿ ಇದೆ. ಜೂನ್‌ನಲ್ಲಿ ಹೋದಾಗ ಸೂರ್ಯ ಬಲಗಡೆಯ ಭೂಶಿರದ ಹಿಂದೆ ಇಳಿದಿದ್ದ. ಭೂಮಧ್ಯರೇಖೆಯ ಹತ್ತಿರ ಕೂಡ ಜೂನ್ ಮತ್ತು ಡಿಸೆಂಬರ್ ನಡುವೆ ಸೂರ್ಯ ಮುಳುಗುವ ಜಾಗ ಸುಮಾರು 47 ಡಿಗ್ರಿ ಸರಿಯುತ್ತದೆ. ಹಾಗಾಗಿ ಡಿಸೆಂಬರ್‌ನಲ್ಲಿ ಅವನು ಕೊಲ್ಲಿಯ ಬಾಯಿಯಲ್ಲೇ, ತೆರೆದ ನೀರಿಗೆ ಇಳಿಯುತ್ತಾನೆ. ಆ ಲೆಕ್ಕ ಸುಲಭ. ಚಂದ್ರನ ಲೆಕ್ಕ ಸ್ವಲ್ಪ ಹಟಮಾರಿ. ಒಂದು ತೀರದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಇಳಿತ ಯಾವಾಗಲೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬರುತ್ತದೆ. ಈ ಕೊಲ್ಲಿಯಲ್ಲಿ ಅದು ಮಧ್ಯಾಹ್ನಕ್ಕೆ. ಅತಿ ದೊಡ್ಡ ಇಳಿತ ಮತ್ತು ಸೂರ್ಯಾಸ್ತ ಇಲ್ಲಿ ಒಟ್ಟಿಗೆ ಬರುವುದೇ ಇಲ್ಲ. ಸೂರ್ಯಾಸ್ತಕ್ಕೆ ಇಳಿತ ಸಿಗಬೇಕೆಂದರೆ ಅರ್ಧ ಚಂದ್ರನ ದಿನಗಳ ಸುಮಾರಿಗೆ ಹೋಗಬೇಕು. ಆಗ ನೀರು ಅಷ್ಟೇನೂ ಇಳಿಯುವುದಿಲ್ಲ. ಹಿಂದಿನ ಸಲ ನಾನು ನೋಡಿಟ್ಟ ಸಾಲು ಬಂಡೆಗಳಲ್ಲಿ ಒಳಗಿನ ಎರಡು ಮಾತ್ರ ಹೊರಗೆ ಬರಬಹುದು. ಎರಡು ಬಂಡೆಗೆ 16 ಎಂಎಂ ಲೆನ್ಸಿನ ನೋಟ ತೀರಾ ಅಗಲವಾಗುತ್ತದೆ. 24 ಎಂಎಂ ಲೆನ್ಸ್ ತೆಗೆದುಕೊಂಡು, ಡಿಸೆಂಬರ್ ಕೊನೆಯ ಅರ್ಧ ಚಂದ್ರನ ದಿನಕ್ಕೆ, ಕಡಲು ಎಡಕ್ಕೆ ಬರುವ ಹಾಗೆ ದಕ್ಷಿಣದ ತುದಿಯಿಂದ ಹೊರಡುವುದು ಎಂದು ಬರೆದಿಟ್ಟಿದ್ದೇನೆ.